ಹಳೇ ಬ್ರ್ನೋ ಕೋವಿಯ ಮ್ಯಾಗಜಿನ್ ಸರಿಹೋದ ಕತೆ – ನನ್ನ ಅನುಭವ

ಈ ಸಲ ನಮ್ಮ ಕೊಡಗಿನ ಆಯುಧ ಹಬ್ಬ ಕೈಲ್‌ಪೊಳ್ದ್ ಮುಗಿದ ಮೇಲೆ ಗುರಿ ಅಭ್ಯಾಸದ ರೇಂಜ್‌ಗೆ ಹೋಗಿ ಐವತ್ತು ತೋಟೆ ಹೊಡೆದೆ. ಒಂದೂ ಸಿಕ್ಕಿಹಾಕಿಕೊಳ್ಳಲಿಲ್ಲ. ಹೋದ ವರ್ಷ ಇದೇ ಕೋವಿ, ಇದೇ ಮ್ಯಾಗಜಿನ್ (ತೋಟೆ ತುಂಬಿ ಕೋವಿಗೆ ಸಿಕ್ಕಿಸುವ ತಗಡಿನ ಗೂಡು) ಐವತ್ತಕ್ಕೆ ಏಳೆಂಟು ಸಲ ಕೈಕೊಡುತ್ತಿತ್ತು. "ಭಾವ, ಅದನ್ನ ಕೆರೆಗೆ ಎಸೆದು ಒಂದೊಂದೇ ತೋಟೆ ಹಾಕಿ ಹೊಡೀರಿ" ಎಂದು ನಕ್ಕವರೇ ಈಗ ಏನು ಮಾಡಿದಿರಿ ಎಂದು ಕೇಳುತ್ತಿದ್ದಾರೆ. ಪ್ರತಿಯೊಬ್ಬರಿಗೂ ಬೇರೆ ಬೇರೆಯಾಗಿ ಹೇಳಿ ಸಾಕಾಯಿತು, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಕೋವಿ ಅಪ್ಪನದು. ಬ್ರ್ನೋ ಕಂಪನಿಯ ಮಾಡೆಲ್ 2 ರೈಫಲ್, ಪಾಯಿಂಟ್ 22 ಅಳತೆಯ ಸಣ್ಣ ತೋಟೆಯದು, ಐದು ತೋಟೆಯ ಮ್ಯಾಗಜಿನ್. ನಳಿಗೆ ಇನ್ನೂ ಕನ್ನಡಿ ಥರ ಇದೆ. ತೊಂದರೆ ಇದ್ದಿದ್ದು ಮ್ಯಾಗಜಿನ್‌ನಲ್ಲಿ ಮಾತ್ರ. ತೋಟೆಯನ್ನು ನಳಿಗೆಗೆ ನೂಕುವ ಬೋಲ್ಟ್ ಮುಂದೆ ತಳ್ಳಿದರೆ ತೋಟೆಯ ಮೂತಿ ಚೇಂಬರ್ (ನಳಿಗೆಯ ಹಿಂದೆ ತೋಟೆ ಕೂರುವ ಜಾಗ) ಬಾಯಿಗೆ ಗುದ್ದಿ ನಿಲ್ಲುತ್ತಿತ್ತು. ಪಾಯಿಂಟ್ 22 ಗುಂಡು ಮೆತ್ತನೆ ಸೀಸ ಅಲ್ವಾ, ಒಂದು ಸಲ ಗುದ್ದಿದರೆ ಮೂತಿ ಸೊಟ್ಟ. ಅದನ್ನು ಮತ್ತೆ ಹಾಕಿ ಹೊಡೆದರೆ ಎಲ್ಲಿಗೆ ಹೋಗುತ್ತದೆ ಎಂದು ದೇವರಿಗೇ ಗೊತ್ತು. ಐವತ್ತು ಮೀಟರ್‌ನ ಟಾರ್ಗೆಟ್‌ನಲ್ಲಿ ಹತ್ತು ಅಂಕದ ನಡುವಿನ ಉಂಗುರ 10.4 ಮಿ.ಮೀ. ಅಗಲ, ಒಂದು ಶರ್ಟಿನ ಗುಂಡಿಯಷ್ಟು. ಸೊಟ್ಟ ಮೂತಿ ಇಟ್ಟುಕೊಂಡು ಅಲ್ಲಿಗೆ ಹೊಡೆಯುವ ಮಾತೇ ಇಲ್ಲ.

ಒಂದೊಂದೇ ಹಾಕುವುದು ತಪ್ಪೇನಲ್ಲ, ಮಲಗಿ ಹೊಡೆಯುವ ಪ್ರೋನ್ ಮ್ಯಾಚ್‌ನಲ್ಲಿ ಎಲ್ಲರೂ ಹಾಗೇ ಮಾಡುತ್ತಾರೆ. ಆದರೆ ನನ್ನ ಬಲಗೈ ಹೆಬ್ಬೆರಳಿಗೆ ಹಳೇ ಪೆಟ್ಟು. ಪ್ರತಿ ಸಲ ಡಬ್ಬಿಯಿಂದ ತೋಟೆ ಎತ್ತಿ ಇಡುವಷ್ಟರಲ್ಲಿ ಭುಜ ಜರುಗಿಬಿಡುತ್ತದೆ. ಮ್ಯಾಗಜಿನ್ ನಡೆದರೆ ಐದು ಗುಂಡು ಒಂದೇ ಉಸಿರಿನ ಲಯದಲ್ಲಿ ಹೋಗುತ್ತವೆ.

ಮೊದಲು ಮಾಡಿದ ದಡ್ಡತನ ಹೇಳಿಬಿಡುತ್ತೇನೆ. ಮ್ಯಾಗಜಿನ್ ಒಳಗೆ ತೋಟೆಯನ್ನು ಮೇಲಕ್ಕೆ ತಳ್ಳುವ ಸ್ಪ್ರಿಂಗ್ ಸತ್ತಿದೆ ಎಂದು ಎಲ್ಲರೂ ಹೇಳಿದರು, ನಾನೂ ನಂಬಿದೆ. ಬಿಚ್ಚಿ ಕೈಯಲ್ಲಿ ಎಳೆದು ಉದ್ದ ಮಾಡಿದೆ. ಇನ್ನೂ ಕೆಟ್ಟಿತು. ಮೇಲಿನ ತೋಟೆ ಮ್ಯಾಗಜಿನ್‌ನ ತುಟಿಗೆ (ತೋಟೆಯನ್ನು ಹಿಡಿಯುವ ಬಾಯಿಯ ಮಡಚಿದ ಅಂಚು) ಒತ್ತಿಕೊಂಡು ಬೋಲ್ಟ್ ತಳ್ಳಲು ಎತ್ತಿನ ಬಲ ಬೇಕಾಯಿತು. ಆಮೇಲೆ ಎಣ್ಣೆ. ಹೊಲಿಗೆ ಮಿಷಿನ್ ಎಣ್ಣೆ ಧಾರಾಳವಾಗಿ ಬಿಟ್ಟೆ. ಒಂದು ದಿನ ಚೆನ್ನಾಗಿ ನಡೆಯಿತು. ಮೂರನೇ ದಿನಕ್ಕೆ ತೋಟೆಯ ಮೇಣ, ಮದ್ದಿನ ಮಸಿ, ತೋಟದ ಧೂಳು ಎಲ್ಲಾ ಸೇರಿ ಒಳಗೆ ಕಪ್ಪು ಹಲ್ವ. ಕೊಬ್ಬರಿ ಎಣ್ಣೆಯನ್ನೂ ಬಿಡಲಿಲ್ಲ, ನಗಬೇಡಿ. ಡಿಸೆಂಬರ್ ಚಳಿಗೆ ಅದು ಒಳಗೇ ಗಟ್ಟಿಯಾಗಿ ಫಾಲೋವರ್ (ಸ್ಪ್ರಿಂಗ್ ಮೇಲೆ ಕೂತು ತೋಟೆ ಎತ್ತುವ ತಟ್ಟೆ) ಅರ್ಧಕ್ಕೇ ನಿಂತಿತು.

ಸೀಮೆಎಣ್ಣೆಯಲ್ಲಿ ಅದ್ದಿದ್ದು ಮಾತ್ರ ಅರ್ಧ ಸರಿ. ಮೇಣವೆಲ್ಲ ಕರಗಿ ಹೋಯಿತು. ಆದರೆ ಪೂರ್ತಿ ಒಣಗಿಸದೆ ತೋಟೆ ತುಂಬಿ ರಾತ್ರಿಯಿಡೀ ಬಿಟ್ಟೆ. ಮಾರನೇ ದಿನ ಮೂರು ತೋಟೆ ಠುಸ್. ಎಣ್ಣೆ ಒಳಗೆ ಇಳಿದಿರಬೇಕು. ಪ್ರತಿಯೊಂದಕ್ಕೂ ನಳಿಗೆ ಟಾರ್ಗೆಟ್ ಕಡೆಗೇ ಹಿಡಿದು ಅರ್ಧ ನಿಮಿಷ ಕಾದು, ಆಮೇಲೆ ಬೋಲ್ಟ್ ತೆಗೆದೆ. ಆಗ ನನಗೆ ತೋಟೆ ಒಂದಕ್ಕೆ ನಲವತ್ತು ರೂಪಾಯಿ ಹತ್ತಿರ ಬೀಳುತ್ತಿತ್ತು. ಆ ವರ್ಷ ಕಾಫಿಗೆ ಬೆಲೆ ಚೆನ್ನಾಗಿತ್ತು, ಅದಕ್ಕೆ ಮನೆಯಲ್ಲಿ ಯಾರೂ ಲೆಕ್ಕ ಕೇಳಲಿಲ್ಲ.

ಹೊಸ ಮ್ಯಾಗಜಿನ್ ವಿಚಾರಿಸಿದ್ದೂ ಉಂಟು. ಅಸಲಿ ಕಂಪನಿಯದಕ್ಕೆ ಏಳು ಸಾವಿರ ಚಿಲ್ಲರೆ ಎಂದರು, ಅದೂ ಬಂದಾಗ. ನಕಲು ಒಂದು ಸಾವಿರದ ಎಂಟುನೂರಕ್ಕೆ ಸಿಕ್ಕಿತು, ತಂದೆ. ಅದು ಕೋವಿಯೊಳಗೆ ಕೂತರೂ ಅಲ್ಲಾಡುತ್ತದೆ. ಮ್ಯಾಗಜಿನ್ ಕೊಳ್ಳುವಾಗ ಹೊಳಪು ನೋಡಬೇಡಿ. ಕೂರಿಸಿ ಬೆರಳಲ್ಲಿ ಅಲ್ಲಾಡಿಸಿ. ಕೂದಲೆಳೆ ಅಲ್ಲಾಡಿದರೆ ಪರವಾಗಿಲ್ಲ, ಮೇಲೆ ಕೆಳಗೆ ಕುಣಿದರೆ ಬೇಡ. ಇದನ್ನು ಕಲಿಯಲು ನನಗೆ ಸಾವಿರದ ಎಂಟುನೂರು ಆಯಿತು, ನಿಮಗೆ ಬಿಟ್ಟಿ.

ಕೊನೆಗೆ ದಾರಿ ತೋರಿಸಿದ್ದು ಮಗಳ ಮಾರ್ಕರ್ ಪೆನ್ನು. ರೇಂಜ್‌ನಲ್ಲಿ ಹತ್ತು ತೋಟೆಯ ಮೂತಿಗೆ ಕಪ್ಪು ಬಳಿದು ಒಂದೊಂದಾಗಿ ನಿಧಾನವಾಗಿ ತಳ್ಳಿದೆ. ಸಿಕ್ಕಿಹಾಕಿಕೊಂಡ ಎರಡರಲ್ಲೂ ಮೇಲ್ಗಡೆ, ಅದೂ ಬಲಕ್ಕೆ, ಬಣ್ಣ ಕೆರೆದುಹೋಗಿತ್ತು. ಅಂದರೆ ತೋಟೆ ಬೇಗ ಬಿಟ್ಟುಕೊಂಡು ಮೂತಿ ಮೇಲೆತ್ತುತ್ತಿದೆ, ಒಂದು ಕಡೆಗೆ ವಾಲುತ್ತಿದೆ. ಸ್ಪ್ರಿಂಗ್ ಬಡಪಾಯಿಯದು ತಪ್ಪೇ ಇಲ್ಲ. ಮ್ಯಾಗಜಿನ್‌ನ ಎಡತುಟಿ ಅರಳಿತ್ತು. ಯಾವಾಗಲೋ ಸಿಮೆಂಟ್ ನೆಲಕ್ಕೆ ಬಾಯಿ ಕೆಳಗಾಗಿ ಬಿದ್ದಿರಬೇಕು. ನಾನೇ ಬೀಳಿಸಿರುತ್ತೇನೆ, ಅಪ್ಪ ಹಾಗೆಲ್ಲ ಬೀಳಿಸುವವರಲ್ಲ.

ತೋಟೆಯ ಮೈ ಸುಮಾರು 5.7 ಮಿ.ಮೀ. ದಪ್ಪ. ತುಟಿಯ ಸಂದು ಹಿಂದೆ ಅದಕ್ಕಿಂತ ಕಡಿಮೆ ಇದ್ದು ತೋಟೆಯನ್ನು ಹಿಡಿದಿರಬೇಕು, ಮುಂದೆ ಜಾಸ್ತಿಯಾಗಿ ಬಿಡಬೇಕು. ಎಷ್ಟು ಕಡಿಮೆ, ಎಲ್ಲಿಂದ ಬಿಡಬೇಕು ಎನ್ನುವುದಕ್ಕೆ ನಾನು ವರ್ನಿಯರ್ ಬಳಸುವುದಿಲ್ಲ. ಡ್ರಿಲ್ ಬಿಟ್‌ನ ನಯವಾದ ಹಿಂಬದಿಯೇ ನನ್ನ ಅಳತೆಗೋಲು. ಒಂದು ಬಿಟ್ ಹೋಗಬೇಕು, ಇನ್ನೊಂದು ಹೋಗಬಾರದು. ಯಾವ ಎರಡು ನಂಬರ್ ಎಂದು ಇಲ್ಲಿ ಬರೆಯುವುದಿಲ್ಲ. ಮೂರು ತಿಂಗಳು ಒದ್ದಾಡಿ ಕಂಡುಕೊಂಡಿದ್ದು, ಮನೆಗೆ ಬಂದು ಕಾಫಿ ಕುಡಿದು ಕೇಳಿ.

ತುಟಿ ಬಗ್ಗಿಸುವ ಕೆಲಸ ನಾನು ಮಾಡಲಿಲ್ಲ, ಲೈಸೆನ್ಸ್ ಇರುವ ರಿಪೇರಿಯವರ ಹತ್ತಿರವೇ ಹೋದೆ. "ಸಾರ್, ಇದು ಹಳೇ ತಗಡು, ಬಿರುಕು ಬಿಡುತ್ತೆ. ಆಮೇಲೆ ನನ್ನ ಕೇಳಬೇಡಿ" ಎಂದರು. ಬಿಟ್ಟರೆ ಬಿಡಲಿ ಎಂದೆ. ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡು ಕೂತು, ಅವರು ಒಂದು ಚೂರು ಒತ್ತಿದಾಗಲೆಲ್ಲ ಬಿಟ್ ತೂರಿಸಿ ನೋಡಿದೆ. ಅವರಿಗೆ ಸಿಟ್ಟು ಬಂದಿತ್ತು, ಬಾಯಿಬಿಟ್ಟು ಹೇಳಲಿಲ್ಲ. ಮೂರು ಸಲ ಓಡಾಡಿ ಮೂರನೇ ಸಲ ಕೂತಿತು. ಮುನ್ನೂರು ರೂಪಾಯಿ ತೆಗೆದುಕೊಂಡರು, ಪೆಟ್ರೋಲ್ ಖರ್ಚೇ ಅದಕ್ಕಿಂತ ಜಾಸ್ತಿ.

ಈಗ ನೋಡಿಕೊಳ್ಳುವುದು ಸುಲಭ. ಇನ್ನೂರು ತೋಟೆಗೊಮ್ಮೆ ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಈ ಸಲ ಪೂರ್ತಿ ಒಣಗಿಸಿ, ಫಾಲೋವರ್ ತಿಕ್ಕುವ ಕಡೆ 6ಬಿ ಪೆನ್ಸಿಲ್ ಉಜ್ಜುತ್ತೇನೆ. ಎಣ್ಣೆ ಸ್ಪ್ರಿಂಗ್‌ಗೆ ಮಾತ್ರ, ಬಟ್ಟೆಯಲ್ಲಿ ಒರೆಸಿದಷ್ಟು. ತುಂಬುವಾಗ ಕೆಳಗಿನ ತೋಟೆಯ ಹಿಂಬದಿಯ ಅಂಚಿನ ಮುಂದೆ ಮೇಲಿನದರ ಅಂಚು ಕೂರಬೇಕು. ಇದು ನಿಮಗೆಲ್ಲ ಗೊತ್ತು, ಆದರೂ ಮಾತಾಡುತ್ತಾ ತುಂಬಿದರೆ ತಪ್ಪುತ್ತದೆ.

ಮಳೆಗಾಲವೇ ದೊಡ್ಡ ಶತ್ರು. ಕೋವಿ ಇಟ್ಟುಕೊಳ್ಳಲು ನಮಗೆ ಕೊಡವರಿಗೆ ಲೈಸೆನ್ಸ್ ವಿನಾಯಿತಿ 2029ರವರೆಗೆ ಸಿಕ್ಕಿದೆ, ತುಕ್ಕಿನಿಂದ ವಿನಾಯಿತಿ ಯಾರೂ ಕೊಟ್ಟಿಲ್ಲ. ಹೋದ ಮಳೆಗಾಲ ಸುಮ್ನೆ ಒಂದು ಪರೀಕ್ಷೆ ಮಾಡಿದೆ. ಹಳೇ ಸ್ಪ್ರಿಂಗ್‌ನ ಮೂರು ತುಂಡು. ಒಂದನ್ನು ಚರ್ಮದ ಚೀಲದಲ್ಲಿ ಇಟ್ಟೆ, ಒಂದನ್ನು ಅಕ್ಕಿ ಡಬ್ಬಿಯಲ್ಲಿ, ಇನ್ನೊಂದನ್ನು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ. ಆಗಸ್ಟ್‌ಗೆ ಚರ್ಮದ್ದು ಕೆಂಪಾಗಿತ್ತು. ಅಕ್ಕಿಯದಕ್ಕೆ ತುಕ್ಕು ಕಡಿಮೆ, ಆದರೆ ಮೈತುಂಬ ಹಿಟ್ಟು, ಹುಳ ಬೇರೆ. ಸಿಲಿಕಾದ್ದು ಹಾಗೇ ಇತ್ತು. ಅಪ್ಪನ ಕಾಲದ ಚರ್ಮದ ಚೀಲ ಈಗ ಗೋಡೆಯಲ್ಲಿ ಅಲಂಕಾರಕ್ಕೆ.

ತುಂಬಿಟ್ಟರೆ ಸ್ಪ್ರಿಂಗ್ ಸಾಯುತ್ತದೆ ಎನ್ನುವ ಮಾತನ್ನೂ ನೋಡಿದೆ. ತುಂಬಿದ ಮ್ಯಾಗಜಿನ್ ಮನೆಯಲ್ಲಿ ಇಡುವವನಲ್ಲ ನಾನು, ಮಕ್ಕಳಿದ್ದಾರೆ. ಹೊಡೆದ ತೋಟೆಯ ಖಾಲಿ ಕೋಶ ಐದು ತುಂಬಿಸಿ ಎಂಟು ತಿಂಗಳು ಬಿಟ್ಟೆ. ಮೊದಲ ವಾರ ಸ್ಪ್ರಿಂಗ್ ಒಂದು ಮಿ.ಮೀ. ಕುಗ್ಗಿತೋ ಏನೋ, ಆಮೇಲೆ ಅಲ್ಲೇ ನಿಂತಿತು.

ಮ್ಯಾಗಜಿನ್‌ಗಳ ತಳಕ್ಕೆ ಹೆಂಡತಿಯ ಉಗುರು ಬಣ್ಣದಲ್ಲಿ ಚುಕ್ಕೆ ಇಟ್ಟಿದ್ದೇನೆ. ಅಪ್ಪನದಕ್ಕೆ ಒಂದು ಚುಕ್ಕೆ, ನಕಲಿಗೆ ಎರಡು. ಯಾವುದು ಎಲ್ಲಿ ಕೈಕೊಟ್ಟಿತು ಎಂದು ಕಾಫಿ ತೂಕದ ಪುಸ್ತಕದ ಹಿಂದಿನ ಪುಟದಲ್ಲಿ ಬರೆಯುತ್ತೇನೆ. ಒಂದು ಚುಕ್ಕೆಯದು ಆರುನೂರಕ್ಕೆ ಎರಡು ಸಲ ನಿಂತಿದೆ, ಅದರಲ್ಲಿ ಒಂದು ನಾನು ಮಾತಾಡುತ್ತಾ ತುಂಬಿದ್ದು. ಎರಡು ಚುಕ್ಕೆಯದು ಇನ್ನೂ ಇಪ್ಪತ್ತಕ್ಕೆ ಒಂದು ಸಲ ನಿಲ್ಲುತ್ತಿದೆ. ಹುತ್ತರಿ ಕಳೆದ ಮೇಲೆ ಅದನ್ನೂ ತೆಗೆದುಕೊಂಡು ರಿಪೇರಿಯವರ ಹತ್ತಿರ ಹೋಗಬೇಕು. ಈ ಸಲ ಸ್ಟೂಲ್ ಕೊಡುತ್ತಾರೋ ಇಲ್ಲವೋ.