ಮಗು ಬ್ಲಡ್ ರಿಪೋರ್ಟನ್ನ ಅಪ್ಪನ ರಿಪೋರ್ಟ್ ಪಕ್ಕ ಇಟ್ಟು ಓದ್ಬೇಡಿ

ಮಳೆಗಾಲ ಶುರುವಾದ್ರೆ ನಮ್ಮ ಲ್ಯಾಬ್ ಕೌಂಟರಲ್ಲಿ ದಿನಾ ಇದೇ ಕಥೆ. ಅಪ್ಪನಿಗೂ ಮಗೂಗೂ ಒಟ್ಟಿಗೇ ಜ್ವರ, ಇಬ್ಬರದೂ ಸಿಬಿಸಿ (ರಕ್ತಕಣಗಳನ್ನ ಎಣಿಸೋ ಟೆಸ್ಟ್) ಮಾಡ್ಸಿರ್ತಾರೆ, ರಿಪೋರ್ಟ್ ಕೈಗೆ ಬಂದ ತಕ್ಷಣ ಡಾಕ್ಟರ್ ಹತ್ರ ಹೋಗೋ ಮೊದ್ಲೇ ಎರಡನ್ನೂ ಪಕ್ಕಪಕ್ಕ ಹಿಡ್ಕೊಂಡು ಹೋಲ್ಸೋಕೆ ಕೂರ್ತಾರೆ. ಹಂಗೆ ಮಾಡ್ಬೇಡಿ. ಒಂದೇ ಫ್ಲೂ ವೈರಸ್ ಆದ್ರೂ ಮಕ್ಕಳಲ್ಲಿ ಅದರ ಲಕ್ಷಣ ಬೇರೆ, ರಕ್ತದ ಲೆಕ್ಕ ಇನ್ನೂ ಬೇರೆ.

ಮೊದ್ಲು ಜ್ವರ ಶುರುವಾದ ದಿನ, ಹೊತ್ತು ಬರೆದಿಡಿ. ಹಣೆಗೆ ಹಿಡಿಯೋ ಗನ್ ಮೇಲೆ ನಂಗೆ ನಂಬಿಕೆ ಇಲ್ಲ, ಕಂಕುಳಲ್ಲಿ ಇಡೋ ಡಿಜಿಟಲ್ ಥರ್ಮಾಮೀಟರ್ರೇ ತಗೊಳ್ಳಿ.

ಆಮೇಲೆ ಲಕ್ಷಣ. ದೊಡ್ಡೋರಾದ್ರೆ ಬೆಳಿಗ್ಗೆ ಚೆನ್ನಾಗಿದ್ದು ಸಂಜೆಗೆ ಮೈಕೈ ನೋವು, ತಲೆನೋವು, ಚಳಿ, ಒಣಕೆಮ್ಮು ಅಂತ ಮಲಗಿಬಿಡ್ತಾರೆ. ಚಿಕ್ಕ ಮಕ್ಕಳಿಗೆ ಮೈಕೈ ನೋವು ಅಂತ ಹೇಳೋಕೆ ಬರಲ್ಲ, ರಚ್ಚೆ ಹಿಡೀತಾರೆ, ಊಟ ಬಿಡ್ತಾರೆ, ಜ್ವರ 103, 104 ಮುಟ್ಟುತ್ತೆ, ಜೊತೆಗೆ ವಾಂತಿ ಭೇದಿ ಇದ್ರಂತೂ ಮನೇಲಿ ಎಲ್ಲರೂ "ಏನೋ ತಿಂದಿದ್ದು ಆಗಿಬಂದಿಲ್ಲ" ಅಂತ ಫ್ಲೂ ಬಗ್ಗೆ ಯೋಚ್ನೇನೇ ಮಾಡಲ್ಲ. 6 ತಿಂಗಳಿಂದ 5 ವರ್ಷದೊಳಗೆ ಜ್ವರಕ್ಕೆ ಫಿಟ್ಸ್ ಬರೋದೂ ಉಂಟು. ಅಜ್ಜ ಅಜ್ಜಿದು ಇದಕ್ಕೆ ಉಲ್ಟಾ, ಜ್ವರಾನೇ ಕಾಣಿಸ್ದೆ ಬರೀ ಮಂಕಾಗಿ ಕೂತಿರಬಹುದು.

ಮೂಗಿನ ಸ್ವಾಬ್ ಎಲ್ಲರಿಗೂ ಬೇಕಿಲ್ಲ, ಡಾಕ್ಟರ್ ಹೇಳಿದ್ರೆ ಮೊದಲ ಮೂರು ನಾಲ್ಕು ದಿನದಲ್ಲೇ ಕೊಡಿ. ಮಕ್ಕಳ ಮೂಗಲ್ಲಿ ವೈರಸ್ ಜಾಸ್ತಿ ಇರುತ್ತೆ, ಜಾಸ್ತಿ ದಿನಾನೂ ಇರುತ್ತೆ, ಅದಕ್ಕೆ ರ್‍ಯಾಪಿಡ್ ಕಾರ್ಡ್ ಅವರಲ್ಲಿ ಸ್ವಲ್ಪ ಚೆನ್ನಾಗಿ ಹಿಡಿಯುತ್ತೆ. ದೊಡ್ಡೋರಿಗೆ ನೆಗೆಟಿವ್ ಬಂದ್ರೆ ಫ್ಲೂ ಇಲ್ಲ ಅಂತ ತಿಳ್ಕೋಬೇಡಿ, ಖಚಿತವಾಗಿ ಬೇಕಂದ್ರೆ ಆರ್‌ಟಿ-ಪಿಸಿಆರ್. ಫ್ಲೂ ಔಷಧಿ ಒಸೆಲ್ಟಾಮಿವಿರ್ ಕೊಡೋದಿದ್ರೆ 48 ಗಂಟೆಯೊಳಗೆ ಶುರು ಮಾಡಿದ್ರೇನೇ ಹೆಚ್ಚು ಉಪಯೋಗ, ದಿನ ಹೊತ್ತು ಬರೀರಿ ಅಂದಿದ್ದು ಅದಕ್ಕೇ.

ಇಲ್ಲೊಂದು ಮಾತು: ಜ್ವರದ ಎರಡನೇ ದಿನಕ್ಕೇ "ವೈಡಾಲ್ ಒಂದು ಮಾಡಿಬಿಡಿ" ಅಂತ ಟೈಫಾಯಿಡ್ ಟೆಸ್ಟ್ ಕೇಳ್ಕೊಂಡು ಬರ್ತಾರಲ್ಲ, ದಯವಿಟ್ಟು ಬೇಡ. ಮೊದಲ ವಾರದಲ್ಲಿ ಅದು ಏನೂ ಹೇಳಲ್ಲ, ಸುಮ್ನೆ ಟೈಫಾಯಿಡ್ ಅಂತ ಆ್ಯಂಟಿಬಯಾಟಿಕ್ ಶುರುವಾಗುತ್ತೆ ಅಷ್ಟೇ.

ಈಗ ಎಲ್ಲರೂ ಎಡವೋ ಜಾಗ, ಸಿಬಿಸಿ. ನ್ಯೂಟ್ರೋಫಿಲ್, ಲಿಂಫೋಸೈಟ್ ಎರಡೂ ಬಿಳಿ ರಕ್ತಕಣಗಳ ಬಗೆ; ದೊಡ್ಡೋರ ರಕ್ತದಲ್ಲಿ ನ್ಯೂಟ್ರೋಫಿಲ್ ಜಾಸ್ತಿ, ಲಿಂಫೋಸೈಟ್ 20ರಿಂದ 40 ಪರ್ಸೆಂಟ್. ಸುಮಾರು ನಾಲ್ಕೈದು ವರ್ಷದವರೆಗೆ ಆರೋಗ್ಯವಾಗಿರೋ ಮಗೂಲೂ ಲಿಂಫೋಸೈಟೇ ಮುಂದಿರುತ್ತೆ. ಎಷ್ಟೋ ಲ್ಯಾಬ್ ಸಾಫ್ಟ್‌ವೇರಲ್ಲಿ ಮಗೂಗೂ ದೊಡ್ಡೋರ ರೇಂಜೇ ಪ್ರಿಂಟ್ ಆಗುತ್ತೆ, ಹಾಗಾಗಿ ಮೊದ್ಲು ಬಲಗಡೆ ರೇಂಜ್ ಕಾಲಂ ನೋಡಿ, ವಯಸ್ಸು ಸರಿಯಾಗಿ ಹಾಕಿದಾರಾ ಅಂತಾನೂ ನೋಡಿ. ಬರೀ ಪರ್ಸೆಂಟ್ ನೋಡ್ಬೇಡಿ, ಟೋಟಲ್ ಕೌಂಟನ್ನ (ಒಟ್ಟು ಬಿಳಿ ರಕ್ತಕಣ) ಆ ಪರ್ಸೆಂಟಿಂದ ಗುಣಿಸಿ ನೂರರಿಂದ ಭಾಗಿಸಿ. ಮೂರು ವರ್ಷದ ಮಗೂದು ಟೋಟಲ್ ಕೌಂಟ್ 6,200, ಲಿಂಫೋಸೈಟ್ 52 ಅಂದ್ರೆ ಲೆಕ್ಕ 3,224, ದಪ್ಪ ಅಕ್ಷರದಲ್ಲಿ ಹೈ ಅಂತ ಬಂದಿದ್ರೂ ಆ ವಯಸ್ಸಿಗೆ ಸರಿಯಾಗಿದೆ. ಅಪ್ಪಂದು 4,100ಕ್ಕೆ 16, ಅಂದ್ರೆ 656, ಇದು ನಿಜವಾಗ್ಲೂ ಕಮ್ಮಿ. ಫ್ಲೂ ಶುರುವಲ್ಲಿ ದೊಡ್ಡೋರಿಗೆ ಹೀಗಾಗೋದು ಮಾಮೂಲು, ಸಾಮಾನ್ಯವಾಗಿ ಕೆಲವು ದಿನದಲ್ಲಿ ಮೇಲೆ ಬರುತ್ತೆ. ನಂಗೆ ಭಯ ಆಗೋದು ದಪ್ಪ ಅಕ್ಷರ ಬರದೇ ಇರೋ ರಿಪೋರ್ಟ್ ನೋಡಿ: ಅದೇ ಮೂರು ವರ್ಷದ ಮಗೂಗೆ 5,000ಕ್ಕೆ 22 ಬಂತು ಅನ್ಕೊಳ್ಳಿ, ದೊಡ್ಡೋರ ರೇಂಜಲ್ಲಿ "ನಾರ್ಮಲ್", ಲೆಕ್ಕ ಹಾಕಿದ್ರೆ ಬರೀ 1,100, ಆ ವಯಸ್ಸಿಗೆ ಇದು ಕಡಿಮೆ, ಆದ್ರೂ ಯಾರೂ ಗಮನ್ಸಲ್ಲ. ಇದನ್ನ ಡಾಕ್ಟರಿಗೆ ನೀವೇ ತೋರ್ಸಿ ಕೇಳಿ.

ಪ್ಲೇಟ್‌ಲೆಟ್ ಫ್ಲೂಲೂ ಸ್ವಲ್ಪ ಇಳಿಯಬಹುದು, ಆದ್ರೆ ನಮ್ಮಲ್ಲಿ ಮಳೆಗಾಲ ಅಂದ್ರೆ ಡೆಂಗಿನೂ ಇದ್ದೇ ಇರುತ್ತೆ, ಮೊದಲ ಐದು ದಿನದೊಳಗೆ ಡೆಂಗಿ ಟೆಸ್ಟ್ ಎನ್‌ಎಸ್1 ಮಾಡ್ಸೋದು ಒಳ್ಳೇದು.

ಇನ್ನೊಂದು, ಇದು ಮಕ್ಕಳಿಗೇ ಹೆಚ್ಚು: ಜ್ವರ ಬಿಡ್ತಾ ಇದ್ದಂಗೆ ಸ್ಕೂಲ್ ಹುಡುಗ ಬೆಳಿಗ್ಗೆ ಎದ್ದು ನಡೆಯೋಕೇ ಆಗಲ್ಲ ಅಂತಾನೆ, ಮೀನಖಂಡ ಮುಟ್ಟಿದ್ರೆ ಕಿರುಚ್ತಾನೆ. ರಕ್ತದಲ್ಲಿ ಸಿಪಿಕೆ (ಸ್ನಾಯುಗಳಿಂದ ಬರೋ ಕಿಣ್ವ) ಸಾವಿರಗಟ್ಟಲೆ ಬಂದಿರುತ್ತೆ. ಫ್ಲೂ ಬಿ ಬಂದಾಗ ಇದು ಜಾಸ್ತಿ, ಸಾಮಾನ್ಯವಾಗಿ ವಾರದೊಳಗೆ ವಾಸಿಯಾಗುತ್ತೆ, ಡಾಕ್ಟರಿಗೆ ಒಮ್ಮೆ ತೋರ್ಸಿ, ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದ್ರೆ ಮಾತ್ರ ಸೀದಾ ಆಸ್ಪತ್ರೆ.

ಔಷಧಿ ವಿಷ್ಯ ಚಿಕ್ಕದಾಗಿ. ಪ್ಯಾರಾಸಿಟಮಾಲ್ ಡ್ರಾಪ್ಸ್‌ನ ಸಿರಪ್ ಥರ ಚಮಚದಲ್ಲಿ ಹಾಕ್ಬೇಡಿ, ಡ್ರಾಪ್ಸ್ ತುಂಬಾ ಸ್ಟ್ರಾಂಗು. ಮಕ್ಕಳಿಗೆ ಆಸ್ಪಿರಿನ್ ಬೇಡವೇ ಬೇಡ. 12 ವರ್ಷದೊಳಗೆ ನಿಮೆಸುಲೈಡ್ 2011ರಲ್ಲೇ ನಿಷೇಧ ಆಗಿದೆ, ಆದ್ರೂ ಹಳೇ ಬಾಟ್ಲಿ ಇಟ್ಕೊಂಡಿರೋರಿದಾರೆ, ಬಿಸಾಕಿ.

ಕೊನೇದು ಉಸಿರು. ಮಗು ಅಳದೇ ಇರುವಾಗ ಅಂಗಿ ಎತ್ತಿ ಪೂರ್ತಿ ಒಂದು ನಿಮಿಷ ಎಣಿಸಿ, 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸೋ ಶಾರ್ಟ್‌ಕಟ್ ಬೇಡ. 2 ತಿಂಗಳಿಂದ 1 ವರ್ಷದೊಳಗೆ 50, 1ರಿಂದ 5 ವರ್ಷಕ್ಕೆ 40, ಅದು ಅಥವಾ ಅದಕ್ಕಿಂತ ಜಾಸ್ತಿ ಇದ್ರೆ, ಪಕ್ಕೆ ಒಳಗೆ ಎಳೀತಾ ಇದ್ರೆ, ಇಲ್ಲಾ ಬಿಟ್ಟಿದ್ದ ಜ್ವರ ಮತ್ತೆ ಜೋರಾಗಿ ಬಂದ್ರೆ, ನಮ್ಮ ರಿಪೋರ್ಟಿಗೆ ಕಾಯದೇ ಆಸ್ಪತ್ರೆಗೆ ಹೊರಡಿ.