ಒಂದು ಮೀನೂಟದ ಹೋಟೆಲಿನಿಂದ ಹಲವು ಶಾಖೆಗಳವರೆಗೆ: ಸ್ಟೀಕ್‌ಹೌಸ್ ಸರಪಳಿಗಳ ಕ್ರಮವನ್ನು ನಮ್ಮ ಕರಾವಳಿಗೆ ಹೊಂದಿಸುವ ಬಗೆ

ಕಾರವಾರದ ಪೇಟೆಯಲ್ಲೋ ಅಂಕೋಲೆಯ ಹೆದ್ದಾರಿಯ ಬದಿಯಲ್ಲೋ ಮೀನೂಟದ ಹೋಟೆಲೊಂದನ್ನು ಹತ್ತು ವರ್ಷ ಚೆನ್ನಾಗಿ ನಡೆಸಿದವರಿಗೆ ಕುಮಟಾದಲ್ಲಿ ಎರಡನೆಯದನ್ನು, ಶಿರಸಿಯಲ್ಲಿ ಮೂರನೆಯದನ್ನು ತೆರೆಯಬೇಕೆಂಬ ಆಸೆ ಹುಟ್ಟುವುದು ಸಹಜ. ಆಗ ಹೆಚ್ಚಿನವರು ಮೊದಲು ಜಾಗ ನೋಡುತ್ತಾರೆ, ಆಮೇಲೆ ಗೋಡೆಗೆ ದೋಣಿ, ಬಲೆ, ಯಕ್ಷಗಾನದ ಕಿರೀಟಗಳನ್ನು ತೂಗುಹಾಕಿಸುತ್ತಾರೆ, ಶಾಖೆಯನ್ನು ನಡೆಸುವವರು ಯಾರು ಎಂಬ ಪ್ರಶ್ನೆಯನ್ನು ಉದ್ಘಾಟನೆಯ ಹಿಂದಿನ ವಾರಕ್ಕೆ ಬಿಡುತ್ತಾರೆ. ಈ ಕ್ರಮವನ್ನು ಪೂರ್ತಿ ತಿರುಗಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಅದಕ್ಕೆ ಅಮೆರಿಕದ ಎರಡು ಸ್ಟೀಕ್‌ಹೌಸ್ ಸರಪಳಿಗಳು (ದಪ್ಪ ಮಾಂಸದ ಹೋಳನ್ನು ಸುಟ್ಟು ಬಡಿಸುವ, ಒಂದೇ ಹೆಸರಿನಲ್ಲಿ ಹಲವು ಶಾಖೆಗಳಿರುವ ಹೋಟೆಲುಗಳು) ನಡೆದುಬಂದ ದಾರಿ ಒಳ್ಳೆಯ ಆಧಾರವಾಗುತ್ತದೆ. ದನದ ಮಾಂಸದ ಸ್ಟೀಕ್ ನಮ್ಮ ರಾಜ್ಯದ ಕಾನೂನಿಗೂ ಈ ಜಿಲ್ಲೆಯ ತಟ್ಟೆಗೂ ಹೊಂದುವುದಿಲ್ಲ, ಆದರೆ ಆ ವ್ಯಾಪಾರದ ಒಳಗಿನ ಲೆಕ್ಕಾಚಾರ ನಮ್ಮ ಇಸ್ವಣ (ಸುರಮಯಿ) ಮೀನಿಗೂ ಹೊಂದುತ್ತದೆ.

ಔಟ್‌ಬ್ಯಾಕ್ ಸ್ಟೀಕ್‌ಹೌಸ್ 1988ರಲ್ಲಿ ಫ್ಲಾರಿಡಾದ ಟ್ಯಾಂಪಾ ನಗರದಲ್ಲಿ ಆರಂಭವಾಯಿತು. ಅದರ ಸ್ಥಾಪಕರಾದ ಕ್ರಿಸ್ ಸಲಿವನ್, ಬಾಬ್ ಬಾಶಮ್ ಮತ್ತು ಟಿಮ್ ಗ್ಯಾನನ್ ಆಸ್ಟ್ರೇಲಿಯಾವನ್ನು ನೋಡದೆಯೇ ಅದನ್ನು ಹೋಟೆಲಿನ ಥೀಮ್ ಆಗಿ ಆರಿಸಿಕೊಂಡರು, ಮೂರೇ ವರ್ಷಗಳಲ್ಲಿ, 1991ರಲ್ಲಿ, ಕಂಪನಿಯ ಷೇರುಗಳನ್ನು ಸಾರ್ವಜನಿಕರಿಗೆ ಮಾರಿದರು. ಇಷ್ಟು ವೇಗಕ್ಕೆ ಗೋಡೆಯ ಮೇಲೆ ತೂಗುಹಾಕಿದ ಬೂಮರಾಂಗ್ (ಆಸ್ಟ್ರೇಲಿಯಾದ ಮೂಲನಿವಾಸಿಗಳ ಬಾಗಿದ ಎಸೆಗೋಲು) ಕಾರಣವಲ್ಲ. ಪ್ರತಿ ಶಾಖೆಯ ವ್ಯವಸ್ಥಾಪಕರು 25,000 ಡಾಲರ್ ಸ್ವಂತ ಹಣ ಹೂಡಿ, ಐದು ವರ್ಷಗಳ ಕರಾರು ಬರೆದುಕೊಟ್ಟು, ಆ ಶಾಖೆಯ ನಗದು ಗಳಿಕೆಯಲ್ಲಿ ನೂರಕ್ಕೆ 10 ಪಾಲು ಪಡೆಯುತ್ತಿದ್ದರು. ಸಂಬಳದ ಮ್ಯಾನೇಜರು ಹಾಳಾದ ಮಾಂಸವನ್ನು ನೋಡಿ ಮುಂದೆ ಹೋಗಬಹುದು, ಪಾಲುಗಾರನಾದವನು ಹಾಗೆ ಹೋಗಲಾರ.

ಕೆಂಟ್ ಟೇಲರ್ 1993ರಲ್ಲಿ ಟೆಕ್ಸಸ್ ರೋಡ್‌ಹೌಸ್ ಆರಂಭಿಸಿದ್ದು ಟೆಕ್ಸಸ್‌ನಲ್ಲಲ್ಲ, ಇಂಡಿಯಾನಾ ರಾಜ್ಯದ ಕ್ಲಾರ್ಕ್ಸ್‌ವಿಲ್‌ನಲ್ಲಿ. ಮೊದಲ ಐದು ಶಾಖೆಗಳಲ್ಲಿ ಮೂರು ಮುಚ್ಚಿಹೋದವು. ಅಲ್ಲಿಯೂ ವ್ಯವಸ್ಥಾಪಕರ ಠೇವಣಿ ಮತ್ತು ನೂರಕ್ಕೆ 10ರ ಪಾಲಿನ ಪದ್ಧತಿಯೇ ಬೇರೂರಿತು, ಮಾಂಸವನ್ನು ಆಯಾ ಶಾಖೆಯಲ್ಲೇ ಕೈಯಿಂದ ಕತ್ತರಿಸುವ, ಬ್ರೆಡ್ಡನ್ನು ಅಲ್ಲಿಯೇ ಸುಡುವ ನಿಯಮವನ್ನು ಇಂದಿಗೂ ಬಿಟ್ಟಿಲ್ಲ.

ಆದ್ದರಿಂದ ನೀವು ಮಾಡಬೇಕಾದ ಮೊದಲ ಕೆಲಸವೆಂದರೆ, ಈಗಿನ ಹೋಟೆಲಿನೊಳಗೇ ಎರಡನೆಯ ಶಾಖೆಯ ಯಜಮಾನನನ್ನು ಬೆಳೆಸುವುದು. ಕನಿಷ್ಠ ಒಂದು ವರ್ಷ ಅವನು ಬೆಳಗಿನ ಜಾವ ಕಾರವಾರದ ಬೈತಖೋಲ ಬಂದರಿನಲ್ಲಿ ಮೀನು ಕೊಳ್ಳುವುದರಿಂದ ಹಿಡಿದು ರಾತ್ರಿ ಗಲ್ಲೆಯ ಲೆಕ್ಕ ಮುಗಿಸುವವರೆಗಿನ ಎಲ್ಲವನ್ನೂ ಮಾಡಿರಬೇಕು, ಮತ್ತು ವಾರದಲ್ಲಿ ಎರಡು ದಿನ ನೀವು ಹೋಟೆಲಿಗೆ ಕಾಲಿಡದೆ ಅವನ ಕೈಗೆ ಬಿಟ್ಟು ನೋಡಿರಬೇಕು. ಆ ಎರಡು ದಿನಗಳ ಸಾರಿನ ರುಚಿಯನ್ನು ಗಿರಾಕಿಗಳು ಬೇರೆಯೆಂದು ಗುರುತಿಸಿದರೆ ಎರಡನೆಯ ಶಾಖೆಗೆ ಇನ್ನೂ ಕಾಲ ಬಂದಿಲ್ಲ. ಅವನಿಂದ ಪಡೆಯುವ ಠೇವಣಿ, ಕಳೆದುಕೊಂಡರೆ ನೋವಾಗುವಷ್ಟು ಇರಬೇಕು, ಹೆಂಡತಿಯ ಬಂಗಾರ ಅಡವಿಡುವಷ್ಟು ಇರಬಾರದು. ಕರಾರಿನಲ್ಲಿ ಲಾಭ ಎಂಬ ಪದಕ್ಕೆ ಸ್ಪಷ್ಟವಾದ ಅರ್ಥ ಬರೆಯಿರಿ: ಮೀನು, ದಿನಸಿ, ಸಂಬಳ, ಬಾಡಿಗೆ, ವಿದ್ಯುತ್ತು, ಗ್ಯಾಸು, ತೆರಿಗೆಗಳನ್ನು ಕಳೆಯಬಹುದು, ಆದರೆ ನಿಮ್ಮ ಮನೆಯ ಸಾಲದ ಕಂತನ್ನಾಗಲಿ ಇನ್ನೊಂದು ಶಾಖೆಯ ನಷ್ಟವನ್ನಾಗಲಿ ಅವನ ಪಾಲಿನಿಂದ ಕಳೆಯಬಾರದು. ಅಣ್ಣ ತಮ್ಮಂದಿರ ನಡುವೆ ಬಾಯಿಮಾತು ಸಾಕೆನ್ನುವ ರೂಢಿ ನಮ್ಮಲ್ಲಿ ಇನ್ನೂ ಇದೆ, ಅವರ ನಡುವೆಯೇ ಬರವಣಿಗೆ ಹೆಚ್ಚು ಅಗತ್ಯ.

ಎರಡನೆಯದಾಗಿ ಮೀನಿನ ಲೆಕ್ಕ. ಸ್ಟೀಕ್‌ಹೌಸಿನ ವ್ಯಾಪಾರದಲ್ಲಿ ಮಾಂಸವೇ ಅತಿ ದೊಡ್ಡ ಖರ್ಚು. ಔಟ್‌ಬ್ಯಾಕ್ ತನ್ನ ಆರಂಭದ ವರ್ಷಗಳಲ್ಲಿ ಮಾರಾಟದಿಂದ ಬಂದ ಹಣದ ನೂರಕ್ಕೆ ಸುಮಾರು 40ರಷ್ಟನ್ನು ಆಹಾರ ಸಾಮಗ್ರಿಗೇ ಸುರಿದು, ಆ ಹೊರೆಯನ್ನು ಕಡಿಮೆ ಬಾಡಿಗೆಯ ಜಾಗಗಳಿಂದಲೂ ರಾತ್ರಿಯೂಟ ಮಾತ್ರ ಬಡಿಸುವ ನಿಯಮದಿಂದಲೂ ಸರಿದೂಗಿಸಿತು. ನಮ್ಮಲ್ಲಿ ಇಸ್ವಣ, ಪಾಪ್ಲೆಟ್‌ಗಳ ಸ್ಥಿತಿಯೂ ಹೀಗೆಯೇ. ಉದಾಹರಣೆಗೆ ಕಿಲೋಗೆ 700 ರೂಪಾಯಿಯಂತೆ 10 ಕಿಲೋ ಇಸ್ವಣ ಕೊಂಡು, ತಲೆ, ಬಾಲ, ಹೊಟ್ಟೆಯ ಭಾಗ ತೆಗೆದ ಮೇಲೆ 7 ಕಿಲೋ ಹೋಳು ಉಳಿಯಿತೆಂದುಕೊಳ್ಳಿ. ಆಗ ನಿಜವಾದ ಬೆಲೆ ಕಿಲೋಗೆ 1,000 ರೂಪಾಯಿ, 150 ಗ್ರಾಮಿನ ಒಂದು ಹೋಳಿಗೆ 150 ರೂಪಾಯಿ. ಕತ್ತರಿಸುವವನ ಕೈ ತಪ್ಪಿ ಹೋಳು 180 ಗ್ರಾಮಾದರೆ ಪ್ರತಿ ತಟ್ಟೆಯಲ್ಲಿ 30 ರೂಪಾಯಿ ಹೋಗುತ್ತದೆ, ಅದು ಗಲ್ಲೆಯ ಮುಂದೆ ಕೂತ ನಿಮಗೆ ಕಾಣಿಸುವುದೂ ಇಲ್ಲ. ಒಂದು ಹೋಟೆಲಿದ್ದಾಗ ನಿಮ್ಮ ಕಣ್ಣೇ ತಕ್ಕಡಿಯಾಗಿರುತ್ತದೆ, ಎರಡಾದ ದಿನದಿಂದ ನಿಜವಾದ ತಕ್ಕಡಿ ಬೇಕು. ಹೋಳಿನ ತೂಕ, ರವೆ ಹಚ್ಚುವ ಪ್ರಮಾಣ, ಹತ್ತು ತೆಂಗಿನಕಾಯಿಯ ಮಸಾಲೆಗೆ ಎಷ್ಟು ಮೆಣಸು, ಎಷ್ಟು ಮುರುಗಲು (ಕೋಕಂ) ಎಂಬುದನ್ನೆಲ್ಲ ಗ್ರಾಮುಗಳಲ್ಲಿ ಬರೆದು ಅಡುಗೆಮನೆಯಲ್ಲಿ ಅಂಟಿಸಿ. ಕೈಯಳತೆಯ ಅಡುಗೆಯವರಿಗೆ ಮೊದಲು ಬೇಸರವಾಗುತ್ತದೆ. ಆದ್ದರಿಂದ ಬರೆಯುವ ಕೆಲಸವನ್ನು ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವರ ಕೈಯಳತೆಯನ್ನೇ ಹಲವು ದಿನ ತೂಗಿ ಮಾಡಿದರೆ ಆ ಅಳತೆಯ ಗೌರವ ಅವರದೇ ಆಗಿ ಉಳಿಯುತ್ತದೆ.

ಥೀಮ್ ವಿಷಯದಲ್ಲಿ ಔಟ್‌ಬ್ಯಾಕ್ ಕಲಿಸುವ ಪಾಠ ನನಗೆ ತುಂಬ ಇಷ್ಟ. ಅದರ ಗುರುತಾದ ಬ್ಲೂಮಿನ್ ಆನಿಯನ್ ಎಂದರೆ, ದೊಡ್ಡ ಈರುಳ್ಳಿಯನ್ನು ಹೂವಿನಂತೆ ಸೀಳಿ ಹಿಟ್ಟಿನಲ್ಲಿ ಕರಿದ ಒಂದು ತಿನಿಸು. ಕಡಿಮೆ ಬೆಲೆಯ ಸಾಮಗ್ರಿಯಿಂದ ಮಾಡಿ, ಮೇಜಿನ ನಡುವೆ ಇಟ್ಟು ಎಲ್ಲರೂ ಹಂಚಿಕೊಳ್ಳುವ ಆ ತಿನಿಸು ದುಬಾರಿ ಮಾಂಸದ ಭಾರವನ್ನು ಸ್ವಲ್ಪ ಇಳಿಸುತ್ತದೆ. ಬೇಸಿಗೆಯಲ್ಲಿ ಹೆದ್ದಾರಿಯ ಬದಿಯಲ್ಲಿ ಜಡೆಯಂತೆ ಹೆಣೆದು ತೂಗುಹಾಕುವ ಕುಮಟಾದ ಸಿಹಿ ಈರುಳ್ಳಿ ನಮ್ಮ ಕೈಗೆಟುಕುವಲ್ಲೇ ಇದೆ. ಸಾಣಿಕಟ್ಟೆಯ ಉಪ್ಪು, ಉಪ್ಪುನೀರಿನ ಗಜನಿ ಗದ್ದೆಗಳಲ್ಲಿ ಬೆಳೆಯುವ ಕಗ್ಗ ಅಕ್ಕಿ, ಅಂಕೋಲೆಯ ಕರಿ ಇಶಾಡ ಮಾವು, ಘಟ್ಟದ ಮೇಲಿನ ಅಪ್ಪೆಮಿಡಿ ಇವೆ. ಇವುಗಳಲ್ಲಿ ಒಂದೆರಡನ್ನು ಮಾತ್ರ ಆರಿಸಿಕೊಂಡು, ಪ್ರತಿ ಶಾಖೆಯಲ್ಲೂ ತಪ್ಪದೆ ಸಿಗುವಂತೆ ಮಾಡಿ. ಊರಿನ ಥೀಮ್ ಎಂದು ಹೆಸರಿಟ್ಟು ತಟ್ಟೆಯಲ್ಲಿ ಹೊರಗಿನ ಪ್ಯಾಕೆಟ್ ಮಸಾಲೆ ಬಡಿಸಿದರೆ ಇಲ್ಲಿಯ ಗಿರಾಕಿಗೆ ಮೊದಲ ತುತ್ತಿನಲ್ಲೇ ಗೊತ್ತಾಗುತ್ತದೆ.

ಶಾಖೆಯ ಜಾಗವನ್ನು ಮೀನಿನ ದಾರಿಯ ಮೇಲೆ ಆರಿಸಬೇಕು. ಅಂಕೋಲೆ, ಕುಮಟಾ, ಹೊನ್ನಾವರಗಳು ಹೆದ್ದಾರಿ 66ರ ಮೇಲೆಯೇ ಇವೆ, ತದಡಿಯಂಥ ಬಂದರುಗಳೂ ಹತ್ತಿರ. ಶಿರಸಿಗೆ ಮೀನು ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಸುಮಾರು 60 ಕಿಲೋಮೀಟರ್ ಬರಬೇಕಾಗುತ್ತದೆ, ಆದ್ದರಿಂದ ಮಂಜುಗಡ್ಡೆಯ ಖರ್ಚನ್ನೂ ವಾಹನದ ಖರ್ಚನ್ನೂ ಹೋಳಿನ ಬೆಲೆಗೆ ಸೇರಿಸಿಯೇ ಲೆಕ್ಕ ಹಾಕಬೇಕು. ಅಲ್ಲಿ ಸಸ್ಯಾಹಾರಿ ಕುಟುಂಬಗಳು ಹೆಚ್ಚಾಗಿರುವುದರಿಂದ ತಂಬುಳಿ, ಅಪ್ಪೆಹುಳಿಗಳಿಗೆ ಪ್ರತ್ಯೇಕ ಅಡುಗೆಮನೆ ಇಡಲಾಗದಿದ್ದರೆ ಶಿರಸಿಯನ್ನು ಸದ್ಯಕ್ಕೆ ಕೈಬಿಡುವುದೇ ಒಳ್ಳೆಯದು. ಮಳೆಗಾಲದಲ್ಲಿ ದಾರಿಯೇ ಮುಚ್ಚುವ ಸಾಧ್ಯತೆಯನ್ನೂ ಮರೆಯಬಾರದು: 2024ರ ಜುಲೈನಲ್ಲಿ ಅಂಕೋಲೆಯ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದು ಜನ ಪ್ರಾಣ ಕಳೆದುಕೊಂಡಾಗ ಹೆದ್ದಾರಿಯ ಸಂಚಾರವೂ ನಿಂತುಹೋಗಿತ್ತು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವುದರಿಂದ, ಆ ಎರಡು ತಿಂಗಳಿಗೆ ನಾಡದೋಣಿಯ ಮೀನು, ಹೊಳೆಯ ಏಡಿ, ಒಣಮೀನು, ಕೋಳಿ ಇವುಗಳ ಮೇಲೆ ನಿಂತ ಬೇರೆಯೇ ಚಿಕ್ಕ ತಿನಿಸುಪಟ್ಟಿಯನ್ನು ಸಿದ್ಧಪಡಿಸಿ. ಹೊಸ ಶಾಖೆಯನ್ನು ಆಗಸ್ಟಿನ ನಂತರವೇ ತೆರೆಯಿರಿ.

ಕಾಗದಪತ್ರಗಳ ಬಗ್ಗೆ ಸಂಕ್ಷೇಪವಾಗಿ ಹೇಳುವುದಾದರೆ, ಆಹಾರ ಸುರಕ್ಷತೆಯ ಪರವಾನಗಿ ಪ್ರತಿ ಜಾಗಕ್ಕೂ ಬೇರೆಯಾಗಿ ಬೇಕು, ಹೆಸರಿನ ಟ್ರೇಡ್‌ಮಾರ್ಕ್ ಅರ್ಜಿಯನ್ನು ಎರಡನೆಯ ಫಲಕ ಬರೆಸುವ ಮೊದಲೇ ಸಲ್ಲಿಸಬೇಕು, ಮತ್ತು ನೂರಕ್ಕೆ 5ರ ಜಿಎಸ್‌ಟಿ ದರದಲ್ಲಿರುವ ಹೋಟೆಲಿಗೆ ಒಲೆ, ಫ್ರಿಜ್ಜು ಕೊಳ್ಳುವಾಗ ಕಟ್ಟಿದ ತೆರಿಗೆ ವಾಪಸು ಸಿಗದ ಕಾರಣ ಅದನ್ನು ಬಂಡವಾಳದಲ್ಲೇ ಸೇರಿಸಬೇಕು.

ಸಾಲದ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ಔಟ್‌ಬ್ಯಾಕ್‌ನ ಮಾತೃಸಂಸ್ಥೆಯನ್ನು 2007ರಲ್ಲಿ ಹೂಡಿಕೆ ಸಂಸ್ಥೆಗಳು ದೊಡ್ಡ ಸಾಲದ ಬೆಂಬಲದಿಂದ ಕೊಂಡವು, ಮರುವರ್ಷವೇ ಆರ್ಥಿಕ ಹಿಂಜರಿತ ಬಂದು ಜನ ಹೊರಗೆ ಉಣ್ಣುವುದನ್ನು ಕಡಿಮೆ ಮಾಡಿದರು. ಅಷ್ಟು ದೊಡ್ಡ ಸಂಸ್ಥೆಗೇ ಭಾರವಾದದ್ದು ನಮಗೆ ಹಗುರವಾಗದು. ಮೊದಲ ಹೋಟೆಲಿನ ಉಳಿತಾಯದಿಂದ ಎರಡನೆಯದರ ಅರ್ಧದಷ್ಟಾದರೂ ಬಂಡವಾಳ ಬರಬೇಕು, ಎರಡು ನಿಷೇಧದ ತಿಂಗಳ ಸಂಬಳ ಬ್ಯಾಂಕಿನಲ್ಲಿ ಬೇರೆಯಾಗಿ ಇರಬೇಕು.

ಇಷ್ಟೆಲ್ಲ ಮಾಡಿದರೂ ಒಂದು ಶಾಖೆ ನಡೆಯದೇ ಹೋಗಬಹುದು. ಎರಡು ಮೀನಿನ ಹಂಗಾಮು ಪೂರ್ತಿ ಕಳೆದರೂ ಬಾಡಿಗೆ ಹುಟ್ಟದಿದ್ದರೆ ಅದನ್ನು ಮುಚ್ಚಿಬಿಡಿ, ಟೇಲರ್ ಐದರಲ್ಲಿ ಮೂರನ್ನು ಕಳೆದುಕೊಂಡ ಮೇಲೆಯೇ ಸರಪಳಿ ಕಟ್ಟಿದ್ದು. ಮುಚ್ಚುವ ಮೊದಲು ಕರಾರಿನಂತೆ ವ್ಯವಸ್ಥಾಪಕನ ಠೇವಣಿಯ ಲೆಕ್ಕ ತೀರಿಸಿ, ಬಡಿಸುವವರನ್ನೂ ಅಡುಗೆಯವರನ್ನೂ ಉಳಿದ ಶಾಖೆಗಳಿಗೆ ಹಂಚಿ, ಮೀನು ಕೊಟ್ಟವರ ಬಾಕಿಯನ್ನು ಅದೇ ವಾರ ಸಲ್ಲಿಸಿ. ಮುಂದಿನ ಶಾಖೆಗೂ ಮೀನು ಅವರಿಂದಲೇ ಬರಬೇಕು.