ಡಿಸ್ಲೆಕ್ಸಿಯಾ ಇಟ್ಟುಕೊಂಡೇ ಗೇಟ್ ಬರೆದು ಎಂಟೆಕ್ ಸೇರಿದ್ದು: ನನ್ನ ಅನುಭವ

ಹೋದ ತಿಂಗಳು ಮೂವರು ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದರು. "ಡಿಸ್ಲೆಕ್ಸಿಯಾ ಇದ್ದವರಿಗೆ ಗೇಟ್‌ನಲ್ಲಿ ಒಂದು ತಾಸು ಜಾಸ್ತಿ ಕೊಡ್ತಾರಂತಲ್ಲ, ಅದನ್ನ ಹೆಂಗ್ ತಗೊಂಡಿ?" ಡಿಸ್ಲೆಕ್ಸಿಯಾ ಅಂದರೆ ಓದು, ಬರಹಕ್ಕೆ ತೊಡಕಾಗುವ ಕಲಿಕಾ ನ್ಯೂನತೆ, ಗೇಟ್ ಅಂದರೆ ಎಂಟೆಕ್ ಸೇರಲು ಬರೆಯುವ ಪರೀಕ್ಷೆ. ಒಬ್ಬೊಬ್ಬರಿಗೂ ಹೇಳುವ ಬದಲು ಬರೆದೇ ಬಿಡುತ್ತೇನೆ. ಸಿಲಬಸ್, ಪುಸ್ತಕ, ಟೆಸ್ಟ್ ಸೀರೀಸ್ ಎಲ್ಲ ನಿಮಗೆ ಗೊತ್ತಿರುವುದೇ. ನನಗೆ ಎಲ್ಲಿ ಪೆಟ್ಟು ಬಿತ್ತು, ಎಷ್ಟು ದುಡ್ಡು ಹೋಯಿತು, ಕೊನೆಗೆ ಯಾವುದು ಕೈ ಹಿಡಿಯಿತು ಅನ್ನುವುದಷ್ಟೇ ಇಲ್ಲಿದೆ.

ನಾನು ಹಾವೇರಿ ಕಡೆಯವನು. ಹತ್ತನೇ ತನಕ ಕನ್ನಡ ಮಾಧ್ಯಮ. ಮ ಮತ್ತು ವ ಈಗಲೂ ನನಗೆ ಅದಲುಬದಲಾಗುತ್ತವೆ. ಒತ್ತಕ್ಷರ ಬಂದರೆ ಓದು ಅಲ್ಲೇ ನಿಲ್ಲುತ್ತದೆ. ಶಾಲೆಯಲ್ಲಿ "ಲಕ್ಷ್ಯ ಇಲ್ಲ" ಅಂದರು, ನಾನೂ ಹಾಗೇ ನಂಬಿದೆ. ಬಿಇ ಸಿವಿಲ್ ಮುಗಿಸಿದ್ದು ಚಿತ್ರಗಳ ಬಲದಿಂದ. ಬೆಂಡಿಂಗ್ ಮೊಮೆಂಟ್ ಡಯಾಗ್ರಾಂ (ತೊಲೆಯನ್ನು ಬಾಗಿಸುವ ಬಲ ಎಲ್ಲಿ ಎಷ್ಟಿದೆ ಅಂತ ತೋರಿಸುವ ಚಿತ್ರ) ನೋಡಿದ ಕೂಡಲೇ ತಪ್ಪು ಎಲ್ಲಿದೆ ಅಂತ ಹೇಳುತ್ತಿದ್ದೆ. ಅದರಲ್ಲಿ ನಮ್ಮ ಕ್ಲಾಸಿನಲ್ಲಿ ನನ್ನನ್ನು ಮೀರಿಸುವವರು ಇರಲಿಲ್ಲ.

2022ರ ಗೇಟ್‌ನಲ್ಲಿ ನೂರಕ್ಕೆ 23ರ ಆಸುಪಾಸು ಅಂಕ ಬಂತು. ನಾನು ಕೊಟ್ಟ ಉತ್ತರಗಳ ರೆಸ್ಪಾನ್ಸ್ ಶೀಟ್ ಇಳಿಸಿಕೊಂಡು ಆನ್ಸರ್ ಕೀ ಪಕ್ಕ ಇಟ್ಟು ನೋಡಿದೆ. ಒಂದು ನ್ಯಾಟ್ ಪ್ರಶ್ನೆಗೆ (ಆಯ್ಕೆಗಳಿಲ್ಲ, ಉತ್ತರದ ಅಂಕಿಯನ್ನು ನಾವೇ ಒತ್ತಬೇಕು) ಉತ್ತರ 2.45, ನಾನು ಒತ್ತಿದ್ದು 4.25. ಇನ್ನೊಂದರಲ್ಲಿ 160 ಇರಬೇಕಾದ ಕಡೆ 106. ಮತ್ತೆ ಮಾಡಿ ನೋಡಿದರೆ ಲೆಕ್ಕ ಸರಿಯಾಗಿಯೇ ಬರುತ್ತದೆ. ಹೀಗೆ ಆರೇಳು ಪ್ರಶ್ನೆ, ಹತ್ತು ಹನ್ನೊಂದು ಅಂಕ ನೀರುಪಾಲು. ಅಕ್ಕ ಪಕ್ಕದಲ್ಲಿ ಕೂತು ಎಲ್ಲವನ್ನೂ ನೋಡಿ, "ಇದು ಓದಿನ ಕೊರತೆ ಅಲ್ಲೋ, ಬ್ಯಾರೇ ಏನೋ ಐತಿ" ಅಂದಳು. ಅವಳು ಅಷ್ಟು ಹೇಳದಿದ್ದರೆ ನಾನು ಇನ್ನೂ ನಾಲ್ಕು ಸಲ ಹಾಗೇ ಬರೆಯುತ್ತಿದ್ದೆ.

ಹುಬ್ಬಳ್ಳಿಯಲ್ಲಿ ಖಾಸಗಿಯಾಗಿ ತಪಾಸಣೆ ಮಾಡಿಸಿದೆ. ಆರೂವರೆ ಸಾವಿರ ಹೋಯಿತು. ಆ ವರದಿಯನ್ನೇ 2023ರ ಅರ್ಜಿಗೆ ಹಾಕಿದೆ, ನಡೆಯಲಿಲ್ಲ. ಬೇಕಾಗಿದ್ದು ಸರ್ಕಾರಿ ವೈದ್ಯಕೀಯ ಪ್ರಾಧಿಕಾರದ ಪ್ರಮಾಣಪತ್ರ. ಆ ವರ್ಷ ಮೂರೇ ತಾಸಿನಲ್ಲಿ ಬರೆದೆ, 29 ಬಂತು. ಕೋಚಿಂಗ್‌ಗೆ ಕಟ್ಟಿದ್ದ 45 ಸಾವಿರವೂ ಹೋಯಿತು. ಅಲ್ಲಿ ಬೋರ್ಡಿನ ಮೇಲೆ ಬರೆದದ್ದನ್ನು ನಾನು ಅರ್ಧ ಇಳಿಸಿಕೊಳ್ಳುವಷ್ಟರಲ್ಲಿ ಒರೆಸಿಬಿಡುತ್ತಿದ್ದರು.

ಪ್ರಮಾಣಪತ್ರದ ಓಡಾಟವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಜಾಸ್ತಿ ಜನ ಸೋಲುವುದು ಇಲ್ಲೇ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಕಲಿಕಾ ನ್ಯೂನತೆ ಸೇರಿದೆ. ನಾನು ಹೋದಾಗ ಅದನ್ನು ಅಳೆಯುವ ನಿಯಮ 2018ರ ಜನವರಿಯಲ್ಲಿ ಬಂದದ್ದು. ಅದರ ಪ್ರಕಾರ ಅಳೆಯುವ ತಂಡದಲ್ಲಿ ಮಕ್ಕಳ ವೈದ್ಯರು ಇರುತ್ತಿದ್ದರು. ಹಾಗಾಗಿ 23 ವರ್ಷದ ನಾನು ಆಸ್ಪತ್ರೆಯ ಮಕ್ಕಳ ವಿಭಾಗದ ಬೆಂಚಿನ ಮೇಲೆ, ಲಸಿಕೆಗೆ ಬಂದ ಕೂಸುಗಳ ನಡುವೆ ಕೂತಿದ್ದೆ. "ಇದು ಸಣ್ಣ ಮಕ್ಕಳಿಗೆ ಕೊಡೋದು" ಅಂತ ಕೌಂಟರಿನಲ್ಲಿ ಎರಡು ಸಲ ವಾಪಸ್ ಕಳಿಸಿದರು. ಮೂರನೇ ಸಲ ಆ ನಿಯಮದ ಪ್ರಿಂಟ್ ಒಯ್ದೆ. ಎಂಟು ವರ್ಷ ತುಂಬಿದ ಮೇಲೆ ಮೊದಲ ಸಲ, ಮತ್ತೆ 14ಕ್ಕೆ, 18ಕ್ಕೆ ಮಾಡಿಸಬೇಕು, 18ಕ್ಕೆ ಕೊಟ್ಟದ್ದು ಜೀವನಪೂರ್ತಿ ನಡೆಯುತ್ತದೆ ಅಂತ ಅದರಲ್ಲಿತ್ತು. "ಜೀವನಪೂರ್ತಿ ಅಂದ ಮೇಲೆ ದೊಡ್ಡವರಿಗೂ ಇರುತ್ತೆ ಅಂತಲೇ ಅಲ್ವಾ ಸರ್?" ಅಂದೆ. ಆ ಮಾತಿನ ಮೇಲೆ ಒಳಗೆ ಬಿಟ್ಟರು. ಮೊದಲು ಕಣ್ಣು, ಕಿವಿ. ಆಮೇಲೆ ಐಕ್ಯೂ. ಅದು 85ಕ್ಕಿಂತ ಜಾಸ್ತಿ ಇದ್ದರೆ ನಿಮ್ಹಾನ್ಸ್ ಬ್ಯಾಟರಿ, ಅಂದರೆ ಕಲಿಕಾ ನ್ಯೂನತೆ ಅಳೆಯುವ ಪರೀಕ್ಷೆಗಳ ಕಟ್ಟು, ಮಾಡುತ್ತಿದ್ದರು. ಒಟ್ಟು ಎರಡು ತಿಂಗಳು, ಐದು ಸಲ ಓಡಾಟ. ಬಸ್ ಚಾರ್ಜು, ಊಟ ಸೇರಿ ಎರಡು ಸಾವಿರ ದಾಟಲಿಲ್ಲ. ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಕೈಗೆ ಬರಲು ಇನ್ನೂ ಮೂರು ತಿಂಗಳು ಹಿಡಿಯಿತು.

ನಡುವೆ ಏನೇನೋ ಮಾಡಿ ನೋಡಿದೆ. ಸ್ಕ್ರೀನ್ ಮೇಲೆ ಹಳದಿ ಪ್ಲಾಸ್ಟಿಕ್ ಹಾಳೆ ಇಟ್ಟೆ. ಕಣ್ಣಿಗೆ ಹಾಯೆನಿಸಿತು, ಅಂಕಿ ತಿರುಗುವುದು ನಿಲ್ಲಲಿಲ್ಲ. ಡಿಸ್ಲೆಕ್ಸಿಯಾದವರಿಗೆಂದೇ ಮಾಡಿದ ಫಾಂಟ್ ಹಾಕಿಕೊಂಡೆ, ನನಗೆ ವ್ಯತ್ಯಾಸ ಕಾಣಲಿಲ್ಲ. ಸ್ಕ್ರೈಬ್ (ಪ್ರಶ್ನೆ ಓದಿ, ಉತ್ತರ ತುಂಬಿ ಕೊಡುವ ಸಹಾಯಕರು) ತೆಗೆದುಕೊಳ್ಳೋಣ ಅಂತ ಅಕ್ಕನ ಕೈಲಿ ಎರಡು ಮಾಕ್, ಅಂದರೆ ಅಭ್ಯಾಸದ ಪರೀಕ್ಷೆ, ಓದಿಸಿದೆ. ಅವಳ ವೇಗ ಬೇರೆ, ನನ್ನ ವೇಗ ಬೇರೆ, ಚಿತ್ರ ನೋಡುವ ಹೊತ್ತಿಗೆ ಮಾತು ಅಡ್ಡ ಬರುತ್ತಿತ್ತು. ಸ್ಕ್ರೈಬ್ ಬೇಡ ಅಂದರೂ ಹೆಚ್ಚುವರಿ ಸಮಯ ಸಿಗುತ್ತದೆ, ಇದು ಬಹಳ ಜನರಿಗೆ ಗೊತ್ತಿಲ್ಲ. ಕೆಲಸಕ್ಕೆ ಬಂದದ್ದು ನನ್ನದೇ ಧ್ವನಿ. "ಆಯ್ಲರ್ ಲೋಡು, ಮೇಲೆ ಪೈ ಸ್ಕ್ವೇರ್ ಇ ಐ, ಕೆಳಗೆ ಎಫೆಕ್ಟಿವ್ ಉದ್ದದ ಸ್ಕ್ವೇರ್" ಅಂತ ಸೂತ್ರಗಳನ್ನು ಕನ್ನಡದಲ್ಲೇ ಹೇಳಿ ಫೋನಿನಲ್ಲಿ ರೆಕಾರ್ಡ್ ಮಾಡಿದೆ. ಸುಮಾರು ಇನ್ನೂರು ತುಣುಕು. ಹಾವೇರಿಯಿಂದ ಹುಬ್ಬಳ್ಳಿ ತಲುಪುವಷ್ಟರಲ್ಲಿ ಒಂದು ಸಬ್ಜೆಕ್ಟು ಮುಗಿಯುತ್ತಿತ್ತು. ಇದಕ್ಕೆ ಒಂದು ಪೈಸೆ ಖರ್ಚಿಲ್ಲ.

ಈಗ ಆ ಒಂದು ತಾಸಿನ ವಿಷಯ. ತಾಸಿಗೆ 20 ನಿಮಿಷದ ಲೆಕ್ಕದಲ್ಲಿ 180 ನಿಮಿಷ 240 ಆಗುತ್ತದೆ. ಮೊದಲ ಮಾಕ್‌ಗಳಲ್ಲಿ ಆ 60 ನಿಮಿಷವನ್ನು ಬಿಟ್ಟ ಪ್ರಶ್ನೆಗಳಿಗೆ ಸುರಿದೆ. ಅಂಕ ಇಳಿಯಿತು! ದಣಿದ ತಲೆಯಲ್ಲಿ ಎಂಸಿಕ್ಯೂ (ಆಯ್ಕೆ ಕೊಟ್ಟ ಪ್ರಶ್ನೆ, ತಪ್ಪಾದರೆ ಅಂಕ ಕಳೆಯುತ್ತಾರೆ) ಮುಟ್ಟಿ ನೆಗೆಟಿವ್ ಕೂಡಿಸಿಕೊಂಡಿದ್ದೆ. ಆಮೇಲೆ ಉಲ್ಟಾ ಮಾಡಿದೆ. 180 ನಿಮಿಷಕ್ಕೆ ಹೊಸ ಪ್ರಶ್ನೆ ಬಂದ್. ಉಳಿದ ತಾಸು ಪೂರ್ತಿ ಅಂಕಿಗಳಿಗೆ. ರಫ್ ಪ್ಯಾಡ್‌ನಲ್ಲಿ ಪ್ರತಿ ನ್ಯಾಟ್ ಉತ್ತರಕ್ಕೂ ಹೆಬ್ಬೆರಳಗಲದ ಮನೆಗಳನ್ನು ಮೊದಲೇ ಎಳೆಯುತ್ತೇನೆ. ಒಂದು ಮನೆಗೆ ಒಂದೇ ಅಂಕಿ, ಚುಕ್ಕಿಗೂ ಒಂದು ಮನೆ. ಬೆರಳಿಟ್ಟು, ತುಟಿಯಲ್ಲೇ "ಎರಡು, ಚುಕ್ಕಿ, ನಾಲ್ಕು, ಐದು" ಅನ್ನುತ್ತಾ ಸ್ಕ್ರೀನ್ ಮೇಲಿನ ಕೀಪ್ಯಾಡ್ ಒತ್ತುತ್ತೇನೆ. ಕೊನೆಯ ತಾಸಿನಲ್ಲಿ ಸ್ಕ್ರೀನ್‌ನಲ್ಲಿರುವುದನ್ನು ಹಿಂದಿನಿಂದ ಮುಂದಕ್ಕೆ ಓದಿ ಮನೆಗಳ ಜೊತೆ ತಾಳೆ ಹಾಕುತ್ತೇನೆ. ಹಿಂದಿನಿಂದ ಓದಿದರೆ ತಿರುಗಿದ ಜೋಡಿ ಥಟ್ಟನೆ ಕಣ್ಣಿಗೆ ಬೀಳುತ್ತದೆ. ಕೋಚಿಂಗ್‌ನ ಸರ್‌ಗೆ ಇದನ್ನು ಹೇಳಿದಾಗ, "ತಮ್ಮಾ, ಒಂದು ತಾಸಿನಾಗ ಹತ್ತು ಪ್ರಶ್ನೆ ಮಾಡಬಹುದು, ಡಬ್ಬಿ ನೋಡ್ಕೋಂತ ಕೂಡ್ತೀಯೇನು?" ಅಂದರು. ಗೆಳೆಯರೂ ಒಪ್ಪಲಿಲ್ಲ. ಹನ್ನೆರಡು ಮಾಕ್‌ಗಳಲ್ಲಿ ಲೆಕ್ಕ ಇಟ್ಟೆ, ಒಂದೊಂದರಲ್ಲೂ ಆರರಿಂದ ಒಂಬತ್ತು ಅಂಕ ಉಳಿಯಿತು.

ಪ್ರಶ್ನೆ ಆರಿಸಿಕೊಳ್ಳುವ ಕ್ರಮವೂ ನನ್ನದೇ ಒಂದಿದೆ. ಅದನ್ನು ಈಗ ಬರೆಯುವುದಿಲ್ಲ. ತಮ್ಮನಿಗೂ ನನ್ನ ಹಾಗೇ ಇದೆ, ಅವನು ಈ ಸಲ ಬರೆಯುತ್ತಿದ್ದಾನೆ. ಅವನದು ಮುಗಿಯಲಿ.

2024ರ ಗೇಟ್ ನಡೆಸಿದ್ದು ನಮ್ಮ ಬೆಂಗಳೂರಿನ ಐಐಎಸ್‌ಸಿ. ಶುಲ್ಕ ಅರ್ಧ, 900 ರೂಪಾಯಿ. ಕೊನೆಯ ತಾಸಿನಲ್ಲಿ ನಾಲ್ಕು ಉತ್ತರ ತಿದ್ದಿದೆ, ನಾಲ್ಕೂ ತಿರುಗಿದ ಅಂಕಿಗಳೇ. 54ರ ಹತ್ತಿರ ಬಂತು. ನಮ್ಮ ಬ್ಯಾಚಿನಲ್ಲಿ ಬರೆದವರಲ್ಲಿ ನನ್ನದು ಎರಡನೇದು.

ಒಂದು ಕಡೆ ರಿಸರ್ಚ್ ಸೀಟಿನ ಸಂದರ್ಶನಕ್ಕೂ ಹೋಗಿದ್ದೆ. ಅರ್ಜಿಯಲ್ಲಿ ಡಿಸ್ಲೆಕ್ಸಿಯಾ ನೋಡಿ, "ಪೇಪರ್ ಓದೋಕೇ ಕಷ್ಟ ಅಂದ್ರೆ ರಿಸರ್ಚ್ ಹೇಗೆ ಮಾಡ್ತೀರಿ?" ಅಂದರು. ಉತ್ತರ ಬಾಯಿಗೆ ಬರಲಿಲ್ಲ, ಸೀಟೂ ಬರಲಿಲ್ಲ. ಮುಂದಿನ ಕಡೆ ಅವರು ಕೇಳುವ ಮೊದಲೇ ಸೀಮೆಸುಣ್ಣ ತೆಗೆದುಕೊಂಡು ಪೋರ್ಟಲ್ ಫ್ರೇಮ್ (ಎರಡು ಕಂಬ, ಮೇಲೊಂದು ತೊಲೆ) ಬಿಡಿಸಿ, ಅದು ಹೇಗೆ ಬಾಗುತ್ತದೆ ಅಂತ ತೋರಿಸುತ್ತಾ ಮಾತು ಶುರು ಮಾಡಿದೆ. ಇಪ್ಪತ್ತು ನಿಮಿಷ ಆ ಚಿತ್ರದ ಮೇಲೇ ಮಾತಾಡಿದರು. ಅಲ್ಲಿ ಸಿಕ್ಕಿತು. ಆದರೂ ಸಿಸಿಎಂಟಿ (ಗೇಟ್ ಅಂಕದ ಮೇಲೆ ಸೀಟು ಹಂಚುವ ಕೇಂದ್ರೀಯ ಕೌನ್ಸೆಲಿಂಗ್) ಮೂಲಕ ಬಂದ ಎಂಟೆಕ್ ಸ್ಟ್ರಕ್ಚರಲ್ ಸೀಟನ್ನೇ ಆರಿಸಿಕೊಂಡೆ, ರಿಸರ್ಚ್ ಅಂತ ಕೆಲಸದ ಸಂಬಳವಿಲ್ಲದೆ ಇನ್ನಷ್ಟು ವರ್ಷ ಮನೆಯಲ್ಲಿ ನಡೆಯುತ್ತಿರಲಿಲ್ಲ. ತಿಂಗಳಿಗೆ 12,400 ಸ್ಟೈಪೆಂಡ್ ಬರುತ್ತಿದೆ.

ಅರ್ಜಿ ತೆರೆಯುವುದು ಆಗಸ್ಟ್ ಕೊನೆಯ ಹೊತ್ತಿಗೆ. ಆಸ್ಪತ್ರೆಗೆ ಜನವರಿಯಲ್ಲೇ ಹೋಗಿ, ಜೊತೆಗೆ ಈಗ ಜಾರಿಯಲ್ಲಿರುವ ನಿಯಮದ ಪ್ರಿಂಟ್ ಎರಡು ಪ್ರತಿ ಇರಲಿ. ಒಂದನ್ನು ಅವರು ಇಟ್ಟುಕೊಳ್ಳುತ್ತಾರೆ.